ಮೌಲ್ಡಿಂಗ್ ದಿನದ ಆ ಹೆಚ್ಚುವರಿ ಬಕೆಟ್

ಮೌಲ್ಡಿಂಗ್ ದಿನ ಮಿಕ್ಸರ್ ಪಕ್ಕ ನಿಲ್ಲುವ ಮೇಸ್ತ್ರಿ ನೀರನ್ನು ಲೀಟರಿನಲ್ಲಿ ಅಳೆಯುವುದು ಅಪರೂಪ. ಡ್ರಮ್ಮಿನೊಳಗೆ ಮಾಲು ಹೇಗೆ ಉರುಳುತ್ತಿದೆ ಎಂದು ನೋಡುತ್ತಾರೆ, ಸದ್ದು ಕೇಳುತ್ತಾರೆ, ‘ಗಟ್ಟಿ ಆಯ್ತು, ಇನ್ನೊಂದ್ ಬಕೆಟ್ ಬಿಡಪ್ಪ’ ಎನ್ನುತ್ತಾರೆ. ಇದನ್ನು ಅಜ್ಞಾನ ಎಂದು ತಳ್ಳಿಹಾಕುವ ಎಂಜಿನಿಯರುಗಳಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಕಣ್ಣು, ಆ ಕೈ ಪಳಗಿದ್ದು ಹೊಳೆ ಮರಳಿನಲ್ಲಿ, ಹಳೆಯ ಸಿಮೆಂಟಿನಲ್ಲಿ. ಈಗ ಎರಡೂ ಬದಲಾಗಿವೆ. ಅದನ್ನು ಅವರಿಗೆ ಕೂತು ತಿಳಿಸಿದವರು ಕಡಿಮೆ.

ಮೊದಲು ನೀರಿನ ಲೆಕ್ಕ. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಅದಕ್ಕೆ ಬೇಕಾದ ನೀರು ಸಿಮೆಂಟಿನ ತೂಕದ ಸುಮಾರು ಶೇ. 23. ಆಗ ಹುಟ್ಟುವ ಜೆಲ್ ತನ್ನೊಳಗೆ ಹಿಡಿದಿಡುವ ನೀರನ್ನೂ ಸೇರಿಸಿದರೆ ಶೇ. 40ರ ಆಸುಪಾಸು. ಮಿಕ್ಕಿದ್ದು ಬರೀ ಕಲಸಲು ಸುಲಭವಾಗಲೆಂದು, ಸೆಂಟ್ರಿಂಗಿನ ಮೂಲೆಗೆ ಹರಿಯಲೆಂದು ಹಾಕಿದ್ದು. ಅದು ಆರಿಹೋದಲ್ಲೆಲ್ಲ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಷಿಕಾಗೋದಲ್ಲಿ ಡಫ್ ಅಬ್ರಾಮ್ಸ್ 1918ರಲ್ಲೇ ಇದರ ನಿಯಮ ಕೊಟ್ಟ: ಕಾಂಕ್ರೀಟಿನ ಬಲವನ್ನು ಮುಖ್ಯವಾಗಿ ನಿರ್ಧರಿಸುವುದು ನೀರಿಗೂ ಸಿಮೆಂಟಿಗೂ ಇರುವ ಅನುಪಾತ. 50 ಕಿಲೋ ಮೂಟೆಗೆ 25 ಲೀಟರ್ ಎಂದರೆ 0.5. ಹತ್ತು ಲೀಟರಿನ ಒಂದು ಬಕೆಟ್ ಜಾಸ್ತಿ ಬಿದ್ದರೆ 0.7, ಬಲದಲ್ಲಿ ಮೂರನೇ ಒಂದು ಪಾಲಿನಷ್ಟು ಕೈಬಿಟ್ಟು ಹೋಗಬಹುದು. ಆ ತೂತುಗಳ ದಾರಿಯಲ್ಲೇ ತೇವ, ಗಾಳಿ ಒಳಗಿಳಿದು ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಬಚ್ಚಲುಮನೆಯ ಸೂರಿನಿಂದ ಚಕ್ಕೆ ಉದುರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಇನ್ನು ಎಂ-ಸ್ಯಾಂಡ್. ಹೊಳೆ ಮರಳಿನ ಕಾಳು ಉರುಳುರುಳಿ ನುಣುಪಾಗಿರುತ್ತದೆ, ಒಂದರ ಮೇಲೊಂದು ಜಾರುತ್ತದೆ. ಕ್ರಷರಿನಲ್ಲಿ ಒಡೆದ ಕಲ್ಲಿನ ಕಾಳಿಗೆ ಮೂಲೆ ಮೊನೆಗಳು ಹೆಚ್ಚು, ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಜೊತೆಗೆ ಕಲ್ಲುಪುಡಿ. ಐಎಸ್ 383ರ 2016ರ ಆವೃತ್ತಿಯಂತೆ 75 ಮೈಕ್ರಾನಿಗಿಂತ ಸಣ್ಣ ಪುಡಿ ಹೊಳೆ ಮರಳಿನಲ್ಲಿ ಶೇ. 3ರಷ್ಟು ಮಾತ್ರ ಇರಬಹುದು, ಒಡೆದ ಮರಳಿನಲ್ಲಿ ಶೇ. 15ರವರೆಗೂ ಸರಿ. ಪುಡಿ ಹೆಚ್ಚಿದಷ್ಟೂ ತೋಯಬೇಕಾದ ಮೇಲ್ಮೈ ಹೆಚ್ಚು. ಹಾಗಾಗಿ ಮೇಸ್ತ್ರಿಯ ಕಣ್ಣು ತಪ್ಪಿಲ್ಲ: ಹಳೇ ಅಳತೆಯ ನೀರಿಗೆ ಮಾಲು ನಿಜಕ್ಕೂ ಗಟ್ಟಿಯಾಗಿದೆ. ತಪ್ಪಿರುವುದು ಮದ್ದು. ಇಲ್ಲಿ ಬೇಕಾದದ್ದು ಸೂಪರ್‌ಪ್ಲಾಸ್ಟಿಸೈಜರ್. ಅದರ ಅಣುಗಳು ಸಿಮೆಂಟಿನ ಕಣಗಳಿಗೆ ಅಂಟಿ, ಗಂಟುಕಟ್ಟದಂತೆ ಅವನ್ನು ದೂರ ದೂರ ತಳ್ಳುತ್ತವೆ. ನೀರು ಅಷ್ಟೇ ಇದ್ದರೂ ಮಾಲು ಸಡಿಲವಾಗುತ್ತದೆ.

ಇದನ್ನು ಕಲಿಸಲು ಸೆಮಿನಾರ್ ಹಾಲ್ ಬೇಕಿಲ್ಲ. 30 ಸೆಂಟಿಮೀಟರ್ ಎತ್ತರದ ಸ್ಲಂಪ್ ಕೋನ್ ಸಾಕು. ಒಂದು ಮಾಲಿಗೆ ಬರೀ ನೀರು, ಇನ್ನೊಂದಕ್ಕೆ ಕಡಿಮೆ ನೀರಿನ ಜೊತೆ ಅಳೆದ ಪ್ಲಾಸ್ಟಿಸೈಜರ್. ಕೋನ್ ಎತ್ತಿದಾಗ ಎರಡೂ ಒಂದೇ ಸಮ ಕುಸಿಯುವಂತೆ ಹದ ಮಾಡಿ, ಎರಡರಿಂದಲೂ ಕ್ಯೂಬ್ ಎರೆದು, 28ನೇ ದಿನ ಮೇಸ್ತ್ರಿಯ ಎದುರಿಗೇ ಒಡೆಯಬೇಕು. ಸಾಮಾನ್ಯವಾಗಿ ಆ ಫಲಿತಾಂಶ ಕಾಗದದಲ್ಲಿ ಎಂಜಿನಿಯರಿಗೆ ಹೋಗುತ್ತದೆ; ಬಕೆಟ್ ಹಿಡಿದವರಿಗೆ ತಲುಪುವುದೇ ಇಲ್ಲ. ಗ್ರಾಮೀಣ ಆವಾಸ್ ಯೋಜನೆಯಲ್ಲಿ ಗಾರೆಯವರಿಗೆ ನಿಜವಾದ ಮನೆ ಕಟ್ಟುತ್ತಲೇ 45 ದಿನ ತರಬೇತಿ ಕೊಡುವ ಕ್ರಮವಿದೆ, ಅದು ಸರಿಯಾದ ದಾರಿ. ಪಟ್ಟಣದಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ದುಡಿಯುವವರಿಗೂ ಅಂಥದ್ದೇ ಬೇಕು.

ಸಿಮೆಂಟಿನದು ಸಣ್ಣ ವಿಷಯ, ಆದರೆ ಮನೆ ಕಟ್ಟಿಸುವವರೇ ನೋಡಿಕೊಳ್ಳಬಹುದಾದದ್ದು. ಪಿಪಿಸಿ ಸಿಮೆಂಟಿನಲ್ಲಿ ಸಾಮಾನ್ಯವಾಗಿ ಹಾರುಬೂದಿ ಇರುತ್ತದೆ. ಸಿಮೆಂಟು ನೀರಿನೊಡನೆ ಕೂಡಿದಾಗ ಹೊರಬರುವ ಸುಣ್ಣದೊಂದಿಗೆ ಬೂದಿ ನಿಧಾನವಾಗಿ ವರ್ತಿಸುತ್ತದೆ, ಅಲ್ಲಿಯವರೆಗೂ ತೇವ ಬೇಕು. ಐಎಸ್ 456 ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ ಹೇಳಿದರೆ, ಇಂಥ ಸಿಮೆಂಟಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ಎನ್ನುತ್ತದೆ. ‘ಒಂದು ವಾರ ನೀರು ನಿಲ್ಲಿಸಿದ್ರೆ ಸಾಕು ಸಾರ್’ ಎಂದು ಯಾರಾದರೂ ಹೇಳಿದರೆ ಖಾಲಿ ಚೀಲ ತಿರುಗಿಸಿ ನೋಡಿ. ಪಿಪಿಸಿ ಎಂದು ಬರೆದಿದ್ದರೆ, ಸ್ಲ್ಯಾಬ್ ಮೇಲಿನ ಪಾತಿಗಳನ್ನು ಇನ್ನೂ ಒಂದು ವಾರ ಒಡೆಸಬೇಡಿ.