ಅಪ್ಪನ ಕ್ಯಾಸೆಟ್ಟಿನ ಮೇಲೆ ‘ಜನುಮದ ಜೋಡಿ’!

ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ ನೀವು ನನ್ನನ್ನು ನೋಡಿರಬಹುದು. ಟಿಕೆಟ್ ಕೊಟ್ಟು ಮುಗಿಸಿ, ಬಾಗಿಲ ಪಕ್ಕದ ಸೀಟಿನಲ್ಲಿ ಪುಸ್ತಕ ತೆರೆದು ಕೂರುವ ನರೆತಲೆಯ ಕಂಡಕ್ಟರ್ ನಾನೇ! ‘ಏನಣ್ಣಾ, ಕಾದಂಬರಿಯಾ?’ ಅಂತ ಹುಡುಗರು ಕೇಳುತ್ತಾರೆ. ಕಾದಂಬರಿಯಲ್ಲ ಸ್ವಾಮೀ, ಪಿಎಚ್.ಡಿ.! ಸೇರಿದಾಗ ನನಗೆ ನಲವತ್ತಾರು. ಮನೆಯಾಕೆ ನಕ್ಕಳು. ಮಗಳು ನಗಲಿಲ್ಲ, ಅವಳ ಕಾಲೇಜು ಫೀಸೂ ಅದೇ ತಿಂಗಳು ಕಟ್ಟಬೇಕಿತ್ತು.

ಇದರ ಬೇರು ಇರುವುದು ಸಿನಿಮಾ ಹುಚ್ಚಿನಲ್ಲಿ. ಅಣ್ಣಾವ್ರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು. ಆ ಸಿಂಗಾನಲ್ಲೂರು ನಮ್ಮ ಕೊಳ್ಳೇಗಾಲದ ಕಡೆಯದು. ಅಂದ ಮೇಲೆ ಹುಚ್ಚು ಹಿಡಿಯದೆ ಇರುತ್ತದೆಯೆ? ನನ್ನದೊಂದು ನೋಟ್‌ಬುಕ್ಕಿತ್ತು. ಯಾವ ಚಿತ್ರ, ಯಾವ ಟಾಕೀಸು, ಯಾವ ತಾರೀಖು, ಎಷ್ಟನೇ ಸಲ, ಜೊತೆಗೆ ಯಾರಿದ್ದರು... ಎಲ್ಲಾ ಬರೆದಿಡುತ್ತಿದ್ದೆ.

1996ರಲ್ಲಿ ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ ಬಂತು. ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯ ಕಥೆಯಂತೆ. ಇರಲಿ, ತೆರೆಯ ಮೇಲೆ ಶಿವಣ್ಣ ಆಡಿದ್ದು ನಮ್ಮ ಸೀಮೆಯ ಮಾತು! ವಿ. ಮನೋಹರ್ ಸಂಗೀತದಲ್ಲಿ ಮಾದಪ್ಪನ ಪದದ ಧಾಟಿ ಕೇಳಿ ಟಾಕೀಸೆಲ್ಲ ಶಿಳ್ಳೆ. ಆ ಹಾಡುಗಳು ಬೇಕೇ ಬೇಕು. ಖಾಲಿ ಕ್ಯಾಸೆಟ್ಟಿಗೆ ಕಾಸಿಲ್ಲ. ಮನೆಯಲ್ಲೊಂದು ಹಳೇ ಕ್ಯಾಸೆಟ್ಟಿತ್ತು. ನಮ್ಮಪ್ಪ ದೇವರಗುಡ್ಡ; ಕಂಸಾಳೆ ಹಿಡಿದು ರಾತ್ರಿ ಪೂರಾ ಮಾದೇಶ್ವರನ ಕಥೆ ಹಾಡುತ್ತಿದ್ದವರು. ಅವರು ಹಾಡಿದ ‘ಸಂಕಮ್ಮನ ಸಾಲು’ ಅದರಲ್ಲಿತ್ತು. ಅದರ ಮೇಲೇ ಸಿನಿಮಾ ಹಾಡು ತುಂಬಿಸಿಕೊಂಡು ಬಂದೆ!

ಅಪ್ಪ ಬೈಯಲಿಲ್ಲ. ‘ನಾನಿವ್ನಲ್ಲ, ಬೇಕಾದಾಗ ಹಾಡ್ತೀನಿ ಬುಡ್ಲಾ’ ಅಂದರು. ನನಗೆ ಬೇಕಾಗಲೇ ಇಲ್ಲ. 2003ರಲ್ಲಿ ಅವರು ತೀರಿಕೊಂಡರು.

ಮುಂದೆ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಕನ್ನಡ ಎಂ.ಎ. ಕಟ್ಟಿದೆ. ನಿಜ ಹೇಳುತ್ತೇನೆ, ಬಡ್ತಿಯ ಆಸೆಗೆ. ಆಗ ಕೈಗೆ ಸಿಕ್ಕಿದ್ದು ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದ ಮಲೆಯ ಮಾದೇಶ್ವರ ಕಾವ್ಯ. ಆಮೇಲೆ ಕೆ. ಕೇಶವನ್ ಪ್ರಸಾದ್ ಅವರು ಹೆಬ್ಬಣಿ ಮಾದಯ್ಯನವರ ತಂಡದಿಂದ ಸಂಗ್ರಹಿಸಿದ್ದು. ಅದು 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಇಂಗ್ಲಿಷಿಗೂ ಹೋಗಿದೆ! ಎರಡರಲ್ಲೂ ಸಂಕಮ್ಮನನ್ನು ಹುಡುಕಿದೆ. ಗಂಡ ನೀಲೇಗೌಡ ಕಾಡಿಗೆ ಜೇನಿಗೆ ಹೊರಟಿದ್ದಾನೆ. ಹೆಂಡತಿಯ ಮೇಲೆ ಸಂಶಯ. ‘ಆಣೆ ಇಡು’ ಅನ್ನುತ್ತಾನೆ. ಅವಳು ಇಡುವುದಿಲ್ಲ. ಯಾವ ಚಿತ್ರಕಥೆಗೆ ಕಮ್ಮಿ ಹೇಳಿ! ಆದರೆ ನಮ್ಮಪ್ಪನ ಸಂಕಮ್ಮ ಹಾಗೆ ಅನ್ನುವ ಮೊದಲು ಇನ್ನೂ ಏನೇನೋ ಮಾತಾಡುತ್ತಿದ್ದಳಲ್ಲ? ಏನದು? ಈ ಪ್ರಶ್ನೆ ನಿದ್ದೆ ಕೆಡಿಸಿತು. ಅರ್ಜಿ ಹಾಕಿಸಿದ್ದೂ ಅದೇ.

ಯುಜಿಸಿಯ 2022ರ ನಿಯಮದಲ್ಲಿ ಕೆಲಸದಲ್ಲಿದ್ದುಕೊಂಡೇ ಅರೆಕಾಲಿಕ ಪಿಎಚ್.ಡಿ. ಮಾಡಬಹುದು. ಕೆಲಸ ಕೊಟ್ಟವರಿಂದ ಒಪ್ಪಿಗೆ ಪತ್ರ ತರಬೇಕು. ಜೊತೆಗೆ ಕನಿಷ್ಠ 12 ಕ್ರೆಡಿಟ್ಟಿನ ಪಾಠ; ಅದರಲ್ಲಿ ಸಂಶೋಧನೆಯ ನೀತಿಯೂ ಒಂದು ವಿಷಯ. ಮಗಳ ವಯಸ್ಸಿನವರ ಪಕ್ಕ ಬೆಂಚಿನಲ್ಲಿ ಕೂತೆ. ಕಷ್ಟವಾದದ್ದು ಅದಲ್ಲ.

ಮೊದಲ ಅಧ್ಯಾಯದಲ್ಲಿ ‘ನಮ್ಮ ಕಡೆ ಸಂಕಮ್ಮನ ಕಥೆಯನ್ನು ಹೀಗೆ ಹಾಡುತ್ತಾರೆ’ ಎಂದು ಜೋರಾಗಿ ಬರೆದಿದ್ದೆ. ಮಾರ್ಗದರ್ಶಕರು ಅಡಿಗೆರೆ ಎಳೆದು ವಾಪಸ್ ಕೊಟ್ಟರು. ‘ಯಾರು ಹಾಡ್ತಾರ್ರೀ? ಯಾವ ಊರಲ್ಲಿ? ಯಾವತ್ತು?’ ನನಗೆ ಬೆವರು! ಹದಿನಾರನೇ ವಯಸ್ಸಿನಲ್ಲೇ ನೋಟ್‌ಬುಕ್ಕಿನ ತುಂಬಾ ಬರೆದಿದ್ದು ಇದನ್ನೇ ಅಲ್ಲವೆ? ಸಿನಿಮಾಕ್ಕೆ ತಾರೀಖು ಬರೆದವನು ಅಪ್ಪನ ಒಂದು ರಾತ್ರಿಗೂ ಬರೆದಿರಲಿಲ್ಲ.

ಬರೆದಿಟ್ಟರೆ ಏನಾಗುತ್ತದೆ ಅಂತ ಕೇಳುತ್ತೀರಾ? ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ನೋಡಿ. ಅಲ್ಲಿನ ಸೋಲಿಗರಲ್ಲಿ ಡಾಕ್ಟರೇಟ್ ಪಡೆದ ಸಿ. ಮಾದೇಗೌಡರಿದ್ದಾರೆ. ಕಾಡಿನೊಳಗೆ ತಮ್ಮವರು ಪೂಜಿಸುವ ಜಾಗಗಳನ್ನು ಹಿರಿಯರಿಂದ ಕೇಳಿ ನಕ್ಷೆಗಿಳಿಸಿದವರಲ್ಲಿ ಅವರೂ ಒಬ್ಬರು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹೀರೋ ಅಂದರೆ ಇಂಥವರಪ್ಪಾ!

ನಾನೂ ಫೋನು ಹಿಡಿದು ಹೊರಟೆ. ಹನೂರಿನ ಹತ್ತಿರದ ಹಳ್ಳಿಯಲ್ಲಿ ಅಪ್ಪನ ಜೊತೆ ಹಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ವಾರದ ರಜೆಯ ದಿನವೇ ಹೋಗಬೇಕು. ಮೂರು ಸಲ ಹೋದೆ. ಹಾಡಿದರು, ಅದ್ಭುತವಾಗಿ ಹಾಡಿದರು. ಆದರೆ ಆ ಮಾತುಗಳು ಬರಲೇ ಇಲ್ಲ. ‘ನಿಮ್ಮಪ್ಪನ ಪದ ನಿಮ್ಮಪ್ಪುಂದೆ ಕನ ಮಗ, ನನ್ ಪದ ನಂದೆ’ ಅಂದುಬಿಟ್ಟರು. ಅವರ ಹಾಡನ್ನೇ ಅಪ್ಪನ ಹೆಸರಿಗೆ ಬರೆದರೆ ಯಾರಿಗೆ ಗೊತ್ತಾಗುತ್ತಿತ್ತು? ಸುಳ್ಳೇಕೆ, ವಾಪಸ್ ಬರುವ ದಾರಿಯಲ್ಲಿ ಅದೇ ಯೋಚನೆ. ಪೆನ್ನೂ ತೆಗೆದಿದ್ದೆ. ಕೈ ಬರಲಿಲ್ಲ. ಅವರ ಹಾಡಿಗೆ ಅವರ ಹೆಸರೇ ಬಿತ್ತು. ಅಪ್ಪನ ಹೆಸರಿನ ಮುಂದೆ ‘ಧ್ವನಿಮುದ್ರಣ ಉಳಿದಿಲ್ಲ’ ಎಂದು ಬರೆದೆ. ಯಾಕೆ ಉಳಿದಿಲ್ಲ ಅನ್ನುವುದನ್ನೂ ಅಡಿಟಿಪ್ಪಣಿಯಲ್ಲಿ ಬರೆದಿದ್ದೇನೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವ್ವ ಸಾರಿನ ಸೌಟು ಕೆಳಗಿಟ್ಟು, ಗೋಡೆಗೊರಗಿ, ಗುನುಗಲು ಶುರು ಮಾಡಿದಳು... ಸಂಕಮ್ಮ ಮಾತಾಡತೊಡಗಿದಳು! ಪೂರ್ತಿ ಅಲ್ಲ, ನಾಲ್ಕೈದು ನುಡಿ ಅಷ್ಟೆ. ಎಡಗೈಯಲ್ಲೇ ಫೋನು ಒತ್ತಿದೆ.

‘ಇದ ಯಾರ್ ಹೆಸ್ರಲ್ಲಿ ಬರ್ಕತ್ತಿಯ ಮಗ?’

‘ನಿಂದೆ ಕನವ್ವ.’

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಕೈ ತೊಳೆದು ಬಂದು ನೋಟ್‌ಬುಕ್ ತೆಗೆದೆ. ಹಾಡಿದವರು, ಊರು, ತಾರೀಖು, ಹೊತ್ತು.