ಗುರಿ ಮುಗಿಯುತ್ತೆ, ಮೌಲ್ಯ ಮುಗಿಯಲ್ಲ

ಉತ್ತರ ಕೊಡೋಕಾಗದ ಒಂದೇ ಒಂದು ಪ್ರಶ್ನೆ ಒಂದು ಶಾಲೆಗೆ ಅಡಿಪಾಯ ಆಯ್ತು ಅಂದ್ರೆ ನಂಬ್ತೀರಾ?

ಮಂಗಳೂರಿನ ಬೀದಿಯಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರ್ತಿದ್ದವರು ಹರೇಕಳ ಹಾಜಬ್ಬ. ಒಂದು ದಿನ ವಿದೇಶಿ ಪ್ರವಾಸಿಗರು ಇಂಗ್ಲಿಷ್‌ನಲ್ಲಿ ಹಣ್ಣಿನ ಬೆಲೆ ಕೇಳಿದ್ರು. ಓದು ಬರಹ ಕಲಿಯದ ಹಾಜಬ್ಬರಿಗೆ ಅರ್ಥವಾಗ್ಲಿಲ್ಲ. ಬಂದವರು ಹೊರಟುಹೋದ್ರು.

ಉತ್ತರ ಕೊಡೋಕಾಗಲಿಲ್ಲ ಅನ್ನೋ ನೋವು ಮನಸ್ಸಲ್ಲೇ ಉಳೀತು. ಆದ್ರೆ ಸಿಟ್ಟಾಗಿ ಅಲ್ಲ, ಸಂಕಲ್ಪವಾಗಿ: ನಮ್ಮೂರಿನ ಮಕ್ಕಳಿಗೆ ಈ ಸ್ಥಿತಿ ಬರಬಾರದು.

ಹಣ್ಣು ಮಾರಿ ಬಂದದ್ದರಲ್ಲೇ ಉಳಿಸಿದ್ರು. ಕಚೇರಿಗಳಿಗೆ ಅಲೆದ್ರು. ದಾನಿಗಳ ಮನೆ ಬಾಗಿಲಿಗೆ ಹೋದ್ರು. 2000ದ ಹೊತ್ತಿಗೆ ತಮ್ಮೂರು ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ಶುರುವಾಯ್ತು, ಮುಂದೆ ಪ್ರೌಢಶಾಲೆಯೂ ಆಯ್ತು. 2020ರಲ್ಲಿ ಹಾಜಬ್ಬರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯ್ತು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ನಡೆದು ಹೋಗಿ ಅದನ್ನ ಸ್ವೀಕರಿಸಿದ್ರು.

ಈಗ ಇಲ್ಲೊಂದು ವ್ಯತ್ಯಾಸ ಗಮನಿಸಿ.

ಶಾಲೆ ಕಟ್ಟೋದು ಗುರಿ. ಓದಿಲ್ಲ ಅನ್ನೋ ಕಾರಣಕ್ಕೆ ಯಾವ ಮಗುವೂ ತಲೆ ತಗ್ಗಿಸಬಾರದು ಅನ್ನೋದು ಮೌಲ್ಯ. ಗುರಿ ಮುಟ್ಟಿದ ದಿನ ಅದು ಮುಗೀತು. ಮೌಲ್ಯ ಹಾಗಲ್ಲ, ಮುಂದಿನ ಹೆಜ್ಜೆ ತೋರಿಸುತ್ತೆ. ಅದಕ್ಕೇ ಶಾಲೆ ಎದ್ದು ನಿಂತ ಮೇಲೂ ಹಾಜಬ್ಬ ಸುಮ್ಮನೆ ಕೂರಲಿಲ್ಲ, ಊರಿಗೆ ಪದವಿಪೂರ್ವ ಕಾಲೇಜು ಬೇಕು ಅಂತ ಓಡಾಡಿದ್ರು.

ನಿಮ್ಮ ಮೌಲ್ಯ ಯಾವುದು? ಎರಡು ಪ್ರಶ್ನೆ ಕೇಳಿಕೊಳ್ಳಿ.

ಒಂದು, ನಾನು ಪಟ್ಟ ಯಾವ ಕಷ್ಟ ಇನ್ನೊಬ್ಬರಿಗೆ ಬರಬಾರದು?

ಎರಡು, ಅದಕ್ಕಾಗಿ ಈ ವಾರ ನಾನು ಎಷ್ಟು ಹೊತ್ತು, ಎಷ್ಟು ದುಡ್ಡು ಕೊಟ್ಟೆ?

ಬಾಯಲ್ಲಿ ಹೇಳಿದ್ದು ಬರೀ ಮಾತು. ಬೆವರು ಸುರಿಸಿ ನಡೆದು ತೋರಿಸಿದ್ದೇ ಮೌಲ್ಯ.