ಜಿಗಿಯುವ ವಂಶವಾಹಿಗೆ ಒಡ್ಡಿದ ಬಲೆ

ಆಡುತ್ತ ಬಿದ್ದ ಮಗುವಿನ ಮೊಣಕಾಲು ತರಚಿದರೆ ತಾಯಿ ಗಾಯವನ್ನು ಒರೆಸಿ ಸುಮ್ಮನಾಗುತ್ತಾಳೆ. ರಕ್ತ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಕುಸುಮರೋಗವಿರುವ ಮಕ್ಕಳಿಗೆ ಈ ಭಾಗ್ಯವಿಲ್ಲ. ವೈದ್ಯರು ಹಿಮೋಫಿಲಿಯ ಎಂದು ಕರೆಯುವ ಈ ಬೇನೆ ಸಾಮಾನ್ಯವಾಗಿ ತಾಯಿಯ ಮೂಲಕ ಮಗನಿಗೆ ಇಳಿದುಬರುವಂಥದು. ಆದರೆ ವಂಶದಲ್ಲಿ ಯಾರಿಗೂ ಇಲ್ಲದ ಈ ರೋಗ ಒಮ್ಮೊಮ್ಮೆ ಒಬ್ಬ ಬಾಲಕನಲ್ಲಿ ತಲೆದೋರುವುದುಂಟು. ಅದು ಬಂದುದೆಲ್ಲಿಂದ?

1988ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹೇಗ್ ಕಜಾಜಿಯನ್ ಮತ್ತು ಅವರ ಸಂಗಡಿಗರು 240 ರೋಗಿಗಳ ಡಿ.ಎನ್.ಎ.ಯನ್ನು ಪರೀಕ್ಷಿಸಿದರು. ಇಬ್ಬರಲ್ಲಿ ವಿಚಿತ್ರವೊಂದು ಕಂಡುಬಂದಿತು. ರಕ್ತ ಹೆಪ್ಪುಗಟ್ಟಲು ಬೇಕಾದ ವಂಶವಾಹಿಯ ನಡುವೆ ಬೇರೆಡೆಯ ತುಂಡೊಂದು ನುಗ್ಗಿ ಅದನ್ನು ಕೆಡಿಸಿತ್ತು. ತಾಯಿತಂದೆಯರಲ್ಲಿ ಆ ಸ್ಥಳದಲ್ಲಿ ಆ ತುಂಡು ಇರಲಿಲ್ಲ!

ಸ್ಥಳ ಬದಲಿಸುವ ತುಂಡುಗಳನ್ನು ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿಯೇ ಮೆಕ್ಕೆಜೋಳದಲ್ಲಿ ಗುರುತಿಸಿದ್ದರು. ಅದಕ್ಕಾಗಿ 1983ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದರು. ಮನುಷ್ಯನಲ್ಲಿ ಸಿಕ್ಕಿದ ಈ ತುಂಡಿನ ಹೆಸರು ‘ಲೈನ್-1’. ನಮ್ಮ ಡಿ.ಎನ್.ಎ.ಯಲ್ಲಿ ಇದರ ಸುಮಾರು ಐದು ಲಕ್ಷ ಪ್ರತಿಗಳಿವೆ, ಒಟ್ಟು ಡಿ.ಎನ್.ಎ.ಯ ಆರನೆಯ ಒಂದು ಪಾಲು ಇವುಗಳದೇ. ಬಹುಪಾಲು ಮುರಿದವು, ನಿಶ್ಚಲವಾದವು. ಆ ಇಬ್ಬರಲ್ಲಿ ಒಬ್ಬನನ್ನು ಕಾಡಿದ ತುಂಡಿನ ಮೂಲ 22ನೆಯ ವರ್ಣತಂತುವಿನಲ್ಲಿದೆಯೆಂಬುದು 1991ರಲ್ಲಿ ತಿಳಿಯಿತು. ಆದರೆ ಒಂದೇ ಬಗೆಯ ಲಕ್ಷಾಂತರ ಪ್ರತಿಗಳ ನಡುವೆ ಹೊಸದಾಗಿ ಜಿಗಿದ ಒಂದನ್ನು ಹಿಡಿಯುವುದು ಹೇಗೆ?

1996ರಲ್ಲಿ ಜಾನ್ ಮೋರನ್, ಕಜಾಜಿಯನ್, ಜೆಫ್ ಬೂಕೆ ಮೊದಲಾದವರು ಇದಕ್ಕೊಂದು ಬಲೆಯನ್ನು ಹೆಣೆದರು. ಬ್ಯಾಕ್ಟೀರಿಯಾಗಳಲ್ಲಿರುವ ಡಿ.ಎನ್.ಎ.ಯ ಪುಟ್ಟ ಉಂಗುರಕ್ಕೆ ಪ್ಲಾಸ್ಮಿಡ್ ಎಂದು ಹೆಸರು. ಅಂಥ ಉಂಗುರದಲ್ಲಿ 22ನೆಯ ವರ್ಣತಂತುವಿನ ಆ ಲೈನ್-1ನ್ನೇ ಇರಿಸಿ, ಅದರ ಬಾಲಕ್ಕೆ ವಿಷದಿಂದ ಜೀವಕೋಶವನ್ನು ಕಾಪಾಡಬಲ್ಲ ವಂಶವಾಹಿಯೊಂದನ್ನು ಹಿಮ್ಮುಖವಾಗಿ ಜೋಡಿಸಿದರು. ಅದರ ನಡುವೆ ಒಂದು ಅಡ್ಡತುಂಡನ್ನೂ ಇಟ್ಟರು. ಅಡ್ಡತುಂಡು ಇರುವವರೆಗೆ ರಕ್ಷಣೆ ಇಲ್ಲ. ಲೈನ್-1 ಜಿಗಿಯಬೇಕಾದರೆ ಮೊದಲು ಆರ್.ಎನ್.ಎ. ಪ್ರತಿಯಾಗಬೇಕು. ಆ ಪ್ರತಿಯಲ್ಲಿ ಮಾತ್ರ ಜೀವಕೋಶವು ಅಡ್ಡತುಂಡನ್ನು ಕತ್ತರಿಸಿ ತೆಗೆಯುತ್ತದೆ. ಅನಂತರ ಪ್ರತಿಯು ಮತ್ತೆ ಡಿ.ಎನ್.ಎ.ಯಾಗಿ ವರ್ಣತಂತುವಿನಲ್ಲಿ ನೆಲೆಸಿದಾಗ ರಕ್ಷಕ ವಂಶವಾಹಿ ಅಖಂಡವಾಗುತ್ತದೆ.

ಪ್ರಯೋಗಕ್ಕೆ ಬಳಸಿದ್ದು ‘ಹೀಲಾ’ ಜೀವಕೋಶಗಳನ್ನು. 1951ರಲ್ಲಿ ಅದೇ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ರೋಗಿಣಿಯಿಂದ, ಆಕೆಯ ಅನುಮತಿಯಿಲ್ಲದೆ ತೆಗೆದವು ಅವು. ಉಂಗುರವನ್ನು ಅವುಗಳೊಳಗೆ ಸೇರಿಸಿ ವಿಷವನ್ನು ಬೆರೆಸಿದಾಗ ಜಿಗಿತ ನಡೆಯದ ಕೋಶಗಳು ಸತ್ತವು. ನಡೆದವು ಬದುಕಿ, ಒಂದೊಂದೂ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಯಿತು. ಚುಕ್ಕೆಗಳನ್ನೆಣಿಸಿದರೆ ಜಿಗಿತಗಳನ್ನೆಣಿಸಿದಂತೆ. ಆರ್.ಎನ್.ಎ.ಯಿಂದ ಡಿ.ಎನ್.ಎ. ಮಾಡುವ ಶಕ್ತಿಯನ್ನು ಲೈನ್-1ರಲ್ಲಿ ಕೆಡಿಸಿ ನೋಡಿದರೆ ಚುಕ್ಕೆಗಳು ಬಹುಮಟ್ಟಿಗೆ ಮಾಯವಾದವು.

ಒಬ್ಬ ಮನುಷ್ಯನಲ್ಲಿ ಜಿಗಿಯಬಲ್ಲ ಲೈನ್-1ಗಳು ಸುಮಾರು 80ರಿಂದ 100 ಮಾತ್ರವೆಂದು 2003ರಲ್ಲಿ ಅಂದಾಜು ಮಾಡಿದ್ದೂ ಇದೇ ಬಲೆಯ ನೆರವಿನಿಂದ. ಮಗನ ನೋವಿಗೆ ತನ್ನನ್ನೇ ಹಳಿದುಕೊಳ್ಳುವ ತಾಯಿಗೆ ಆ ಪುಟ್ಟ ಉಂಗುರ ಸಮಾಧಾನವನ್ನೂ ತಂದಿದೆ: ತಪ್ಪು ಆಕೆಯದೂ ಅಲ್ಲ, ಮನೆತನದ್ದೂ ಅಲ್ಲ. ಎಲ್ಲರ ಒಡಲಲ್ಲಿಯೂ ಇರುವ ಒಂದು ತುಂಡು ಅಂದು ಆ ಮನೆಯಲ್ಲಿ ಜಿಗಿಯಿತು, ಅಷ್ಟೆ.